ದೆಸಿಲೋಮ್ ಮಾವನ ಮುಖವಾಡಗಳು

ಜಾಕ್ಮೆಲ್ ಬಂದರಿನ ಬೀದಿಯಲ್ಲಿ ಬಾಳೆಕಾಯಿ ಕರಿದು ಮಾರುವ ಮಿರ್ಲಾಂದಳಿಗೆ ಎದುರುಮನೆಯ ದೆಸಿಲೋಮ್ ಮಾವನನ್ನು ಕಂಡರೆ ಮೈ ಉರಿಯುತ್ತದೆ. ವೇಷದ ಮೆರವಣಿಗೆಯ ಕಾರ್ನಿವಲ್ ಹಬ್ಬಕ್ಕೆ ಇನ್ನೂ ಮೂರು ತಿಂಗಳಿರುವಾಗಲೇ ಅವನು ಸಿಮೆಂಟು ಚೀಲದ ಕಾಗದ ಹರಿದು, ಮರಗೆಣಸಿನ ಗಂಜಿಯಲ್ಲಿ ಅದ್ದಿ, ಮುಖವಾಡ ಮೆತ್ತಲು ಕೂರುತ್ತಾನೆ. ಸಿಂಹ, ಹುಂಜ, ದೆವ್ವ, ಹಲ್ಲುನೋವು ಬಂದ ಜಡ್ಜು, ಹೀಗೆ ದಿನಕ್ಕೆರಡು. ಒಣಗಿಸಲು ಜಾಗ ಸಾಲದೆ ಅವಳ ಬಟ್ಟೆ ಹಗ್ಗದ ಮೇಲೂ ಮೊಸಳೆಗಳು ತೂಗಾಡುತ್ತವೆ. "ನಿಮ್ಮ ತಮ್ಮ ವರ್ಷಕ್ಕೆ ಒಂದೇ ಮಾಡ್ತಾನೆ, ಊರೆಲ್ಲ ಹೊಗಳುತ್ತೆ. ನೀವೂ ಚೆನ್ನಾಗಿರೋದು ಒಂದು ಮಾಡಬಾರದಾ ಮಾವ?" ಎಂದರೆ, "ಚೆನ್ನಾಗಿರೋದು ಯಾವುದೂಂತ ಮೊದಲೇ ಗೊತ್ತಿದ್ದಿದ್ರೆ ಅದೊಂದನ್ನೇ ಮಾಡ್ತಿದ್ದೆ ಕಣಮ್ಮಾ" ಎಂದು ಮುಂದಿನದಕ್ಕೆ ಕೈ ಹಾಕುತ್ತಾನೆ. ಯಾರಾದರೂ ಒಂದನ್ನು ಮೆಚ್ಚಿದರೆ ತಿರುಗಿಸಿ ನೋಡಿ "ಕಿವಿ ಸೊಟ್ಟ" ಅನ್ನುತ್ತಾನೆ, ಹಳಿದರೆ "ಕಿವಿ ಪರವಾಗಿಲ್ಲ ಅಲ್ವಾ?" ಎಂದು ಕೇಳುತ್ತಾನೆ. ಹಬ್ಬ ಮುಗಿದ ಮರುದಿನ, ಬೂದಿ ಬುಧವಾರ, ಕಡಲತೀರದಲ್ಲಿ ಮುಖವಾಡಗಳನ್ನೆಲ್ಲ ಸುಡುವಾಗ ತಮ್ಮ ತನ್ನದನ್ನು ಅಂಗಿಯೊಳಗೆ ಬಚ್ಚಿಟ್ಟು ಮನೆಗೆ ಒಯ್ಯುತ್ತಾನೆ. ಮಾವ ಮಾತ್ರ ತನ್ನವನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಾನೆ. ಈ ಸಲ ಮಿರ್ಲಾಂದ್ ಪಕ್ಕದಲ್ಲೇ ನಿಂತು, "ನಲವತ್ತು ವರ್ಷದಿಂದ ಸಾವಿರಾರು ಸುಟ್ಟಿದ್ದೀರಿ. ಅದರಲ್ಲಿ ಒಳ್ಳೇವು ಎಷ್ಟಿದ್ವು, ಹೇಳಿ ನೋಡೋಣ" ಎಂದು ಕೆಣಕಿದಳು. ಅವನು ಬಲಗೈ ಬಿಚ್ಚಿ ತೋರಿಸಿದ. ಅಂಗೈಯಲ್ಲಿ ಹಳೆಯ ಸುಟ್ಟಗಾಯದ ಮೂರು ಕಲೆಗಳಿದ್ದವು. "ಮೂರು. ಬೆಂಕಿ ಹತ್ತಿದ ಮೇಲೂ ಈ ಕೈ ಯಾವುದನ್ನ ಬಿಡಲಿಲ್ವೋ, ಅವು" ಎಂದ. ಆಮೇಲೆ ಹುಂಜದ ಮುಖವಾಡವನ್ನು ಎತ್ತಿ ಬೆಂಕಿಗೆ ಹಾಕಿದ. ಕೈ ಸಲೀಸಾಗಿ ವಾಪಸು ಬಂತು.