ದೊಡ್ಡಮ್ಮನ ಗೇಟಿನ ಮುಂದೆ

ಎದುರುಮನೆ ದೊಡ್ಡಮ್ಮನ ಬಲಗೈಯ ಎರಡು ಬೆರಳು ಸದಾ ಬೆಳ್ಳಗಿರುತ್ತಿದ್ದವು. ಅದು ಹಣೆಗಿಟ್ಟ ವಿಭೂತಿಯೋ, ನೆಲಕ್ಕಿಟ್ಟ ರಂಗೋಲಿಯೋ ಹೇಳುವುದು ಕಷ್ಟ. ಆ ಬೆರಳುಗಳು ಬರೆದದ್ದನ್ನು ಒಂದು ಬಕೆಟ್ ನೀರು ಸುರಿದು ತೊಳೆದ ಮಹಾನುಭಾವ ನಾನೇ.

ರಾಜಾಜಿನಗರದ ನಮ್ಮ ರಸ್ತೆಯ ತುದಿಯಲ್ಲಿ ಮದುವೆ ಛತ್ರ. ಮುಹೂರ್ತ ಇದ್ದರೆ ಕಾರು, ಸ್ಕೂಟರುಗಳೆಲ್ಲ ನಮ್ಮ ಗೇಟುಗಳಿಗೇ ಅಂಟಿಕೊಂಡು ನಿಲ್ಲುತ್ತಿದ್ದವು. 'ಇಲ್ಲಿ ವಾಹನ ನಿಲ್ಲಿಸಬಾರದು' ಎಂದು ನಮ್ಮಪ್ಪ ಬರೆದಿಟ್ಟ ಹಲಗೆಗೇ ಯಾರೋ ಸೈಕಲ್ ಒರಗಿಸಿ ಹೋಗಿದ್ದರು. ದೊಡ್ಡಮ್ಮ ಹಲಗೆ ಬರೆಯಲಿಲ್ಲ. ಯಾರ ಮನೆಗೆ ದಾರಿ ಬೇಕೋ ಅವರ ಗೇಟಿನ ಮುಂದೆ ಬೆಳಗಾಗುವ ಮುಂಚೆ ರಸ್ತೆಯಗಲ ರಂಗೋಲಿ ಎಳೆದುಬಿಡುತ್ತಿದ್ದರು. ಮದುವೆಗೆ ಬಂದವನು ರಂಗೋಲಿ ಮೇಲೆ ಗಾಡಿ ಹತ್ತಿಸುತ್ತಾನೆಯೇ? "ಅಣ್ಣಾ, ಆ ಖಾಲಿ ಸೈಟಲ್ಲಿ ನೆರಳಿದೆ, ಅಲ್ಲಿ ನಿಲ್ಸಿ. ಊಟ ಚೆನ್ನಾಗಿ ಮಾಡಿ," ಎಂದು ಬಂದವರನ್ನು ಕಳಿಸುತ್ತಿದ್ದರು, ತಾವೇ ಬಡಿಸುವವರ ಹಾಗೆ.

ತಮ್ಮ ಗೇಟಿಗೇ ಅವರು ರಸ್ತೆಯಗಲ ಎಳೆದುಕೊಂಡದ್ದು ನಾನು ನೋಡಿದ ಹಾಗೆ ಒಂದು ಮುಹೂರ್ತದ ದಿನ ಮಾತ್ರ. ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ದೊಡ್ಡಪ್ಪನನ್ನು ಮನೆಗೆ ಕರೆತರಬೇಕಿತ್ತು. ತಮ್ಮ ಕೊಡೆಯನ್ನೂ ಇನ್ನೊಬ್ಬರ ಕೈಗೆ ಕೊಡದ ಮನುಷ್ಯ ಅವರು.

"ಕಾರು ಬಾಗಿಲಿಗೇ ಬರ್ಬೇಕು ಕಣೋ. ಎತ್ಕೊಂಡು ಹೋಗೋದನ್ನ ಬೀದಿಯೋರು ನೋಡಿದ್ರೆ ನಿಮ್ ದೊಡ್ಡಪ್ಪ ತಡ್ಕೊಳಲ್ಲ. ಯಾರ್ಗೂ ನಿಲ್ಸೋಕೆ ಬಿಡ್ಬೇಡ," ಎಂದು ದೊಡ್ಡಮ್ಮ ನನಗೆ ಹೇಳಿ ಹೋದರು. ನಾನು ಗಡಿ ಕಾಯುವವನ ಹಾಗೆ ಎದೆಯುಬ್ಬಿಸಿ ನಿಂತೆ.

ಕಪ್ಪು ಕಾರಿನಲ್ಲಿ ಗಂಡಿನ ಕಡೆಯವರೊಬ್ಬರು ಬಂದರು. "ಸಾರ್, ಸ್ವಲ್ಪ ಜಾಗ ಮಾಡಿಕೊಡ್ತೀರಾ? ಐದೇ ನಿಮಿಷ."

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಸಾರ್ ಅಂದಿರಲಿಲ್ಲ. ನಮ್ಮಪ್ಪ ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

"ರಂಗೋಲಿ ಇದೆಯಲ್ಲ ಸಾರ್?" ಎಂದು ಅವರೇ ಅನುಮಾನಿಸಿದರು.

"ಅದೇನ್ ಮಹಾ ಬಿಡಿ!" ಎಂದು ನಾನು ನೀರು ಸುರಿದು, ಪೊರಕೆಯಲ್ಲಿ ತಿಕ್ಕಿ, ಕೈಸನ್ನೆ ಮಾಡಿ ಕಾರು ನಿಲ್ಲಿಸಿಕೊಟ್ಟೆ. ಒಂದು ನಿಂತಿದ್ದೇ ತಡ, ಅದರ ಪಕ್ಕಕ್ಕೆ ಇನ್ನೊಂದು, ಹಿಂದೆ ಮತ್ತೊಂದು. ರಸ್ತೆಯೇ ಮುಚ್ಚಿಹೋಯಿತು. ಸಾರ್ ಅಂದವರು ಊಟದ ಪಂಕ್ತಿಯಲ್ಲಿ ಮಾಯ.

ದೊಡ್ಡಪ್ಪನನ್ನು ಕರೆತಂದ ಕಾರು ಛತ್ರದ ಮುಂದೆಯೇ ನಿಲ್ಲಬೇಕಾಯಿತು. ಛತ್ರದ ಕುರ್ಚಿಯೊಂದರಲ್ಲಿ ಅವರನ್ನು ಕೂರಿಸಿ ಡ್ರೈವರೂ ನಾನೂ ಎತ್ತಿದೆವು. ಗಂಡಿನ ಕಡೆಯ ಹಿರಿಯರು ಬಂದರೆಂದು ತಿಳಿದು ಓಲಗದವರು ಜೋರಾಗಿ ಊದಿದರು. ಜನ ದಾರಿ ಬಿಟ್ಟು ಕೈಮುಗಿದರು. ಛತ್ರದ ಬಾಗಿಲಲ್ಲಿದ್ದ ಹುಡುಗಿ ಪನ್ನೀರು ಚಿಮುಕಿಸಿದಳು. ಅದು ದೊಡ್ಡಪ್ಪನ ಕಣ್ಣಿಗೇ ಬಿತ್ತು. ಒರೆಸಿಕೊಳ್ಳಲು ಕೈ ಏಳಲಿಲ್ಲ. ದೊಡ್ಡಮ್ಮ ಸೆರಗಿನಿಂದ ಒರೆಸಿದರು. ಒರೆಸಿದಷ್ಟೂ ಮುಖ ಒದ್ದೆಯಾಗುತ್ತಲೇ ಇತ್ತು.

ಬೀದಿಗೆಲ್ಲ ಜೋಕು ಹೇಳುವ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಗೇಟಿನ ಮುಂದೆ ತೊಳೆದ ನೆಲವನ್ನೂ ನನ್ನ ಪೊರಕೆಯನ್ನೂ ನೋಡಿದ್ದ ದೊಡ್ಡಮ್ಮನೂ ನಮ್ಮಪ್ಪನಿಗೆ ಹೇಳಲಿಲ್ಲ. ಹೇಳಿ ಏಟು ಹಾಕಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವರ ಕಣ್ಣಿಗೆ ಬೀಳಬಾರದೆಂದು ಹಿತ್ತಲ ಬಾಗಿಲಿನಿಂದಲೇ ಓಡಾಡಿದೆ.

ಮುಂದಿನ ಮುಹೂರ್ತದ ಹಿಂದಿನ ಸಂಜೆ ಅವರು ಹಿತ್ತಲಿಗೇ ಬಂದು ರಂಗೋಲಿ ಡಬ್ಬಿಯನ್ನು ನನ್ನ ಕೈಗಿಟ್ಟರು. "ನಾಳೆ ನಿಮ್ ದೊಡ್ಡಪ್ಪನ್ನ ಡಾಕ್ಟರಿಗೆ ತೋರಿಸ್ಬೇಕು. ನಮ್ ಗೇಟಿಗೆ ನೀನೇ ಹಾಕು."

"ನಾನಾ? ನಂಗೆಲ್ಲಿ ರಂಗೋಲಿ ಹಾಕೋಕೆ ಬರತ್ತೆ ದೊಡ್ಡಮ್ಮ?"

"ಅಳಿಸೋಕೆ ಬಂತಲ್ಲ," ಎಂದರು.