ಅವರೆ ಬೀಜದ ಬುರುಡೆ

ಒಣಗಿದ ಸೋರೆ ಬುರುಡೆಯ ಮೇಲೆ ಕಾದ ದಬ್ಬಳದಿಂದ ಹಕ್ಕಿ, ಹೂವು ಬರೆಯುವ ಹುಚ್ಚು ನನಗೆ ಹತ್ತಿಸಿದ್ದು ಬಂಗಾರಪೇಟೆ ಹೈಸ್ಕೂಲಿನ ಕ್ರಾಫ್ಟ್ ಮೇಡಂ. ಗೋಣಿಚೀಲ ಹೊಲಿಯುವ ದಬ್ಬಳ ಬೂದಿಕೋಟೆ ಕಡೆಯ ನಮ್ಮ ಮನೆಯಲ್ಲಿ ಇದ್ದೇ ಇತ್ತು; ಕೈ ಸುಡದಿರಲೆಂದು ಅದಕ್ಕೊಂದು ಮರದ ಹಿಡಿ ಹಾಕಿಕೊಂಡೆ. ಬುರುಡೆ ಮಾತ್ರ ಒಂದೇ. ಹುಳು ಬೀಳದಿರಲೆಂದು ಅದರಲ್ಲಿ ಬಿತ್ತನೆಯ ಅವರೆ ಬೀಜ ತುಂಬಿ, ಒಲೆಯ ಮೇಲೆ ಹೊಗೆ ತಾಗುವಂತೆ ತೂಗುಹಾಕಿದ್ದರು. ಹೊಗೆ ಕುಡಿದು ಕಲ್ಲಿನಂತಾಗಿತ್ತು. ಅಂಥದ್ದನ್ನು ಬಿಡುವುದುಂಟೇ? ಬೇಸಿಗೆ ರಜೆಯಲ್ಲಿ ಬೀಜವನ್ನೆಲ್ಲ ತಗಡಿನ ಡಬ್ಬಕ್ಕೆ ಸುರಿದೆ. ಅಮ್ಮ ನೋಡಿಯೂ ಸುಮ್ಮನಿದ್ದಳು.

ಮೊದಲ ಮಳೆ ಬಿದ್ದ ಬೆಳಿಗ್ಗೆ ಒಲೆಯ ಮುಂದೆ ಕೂತು ಹಕ್ಕಿಯ ಎರಡನೇ ರೆಕ್ಕೆ ಸುಡುತ್ತಿದ್ದೆ. ಅಪ್ಪ ಡಬ್ಬವನ್ನು ತಂದು ನನ್ನ ತಲೆಯ ಮೇಲೆ ಬೋರಲು ಹಾಕಿದ. ಬೀಜವೆಲ್ಲ ತೂತು, ಪುಡಿ, ಹುಳು.

"ಯಾವಳೇ ಬೀಜ ಸುರ್ದೋಳು? ಮನೆಗ್ ಮಾರಿ!"

ಎತ್ತಿನ ಮೇಲೆ ಎಂದೂ ಕೈಯೆತ್ತದ ಮನುಷ್ಯ. ನನ್ನನ್ನು ಜಡೆ ಹಿಡಿದು ಎಳೆದು, ಗೋಡೆಗೆ ಅಪ್ಪಳಿಸಿ, ಒದ್ದ. ಬಾಯಿಗೆ ರಕ್ತ ಬಂತು. ಬುರುಡೆಯನ್ನು ಕಾಲಿಂದ ತುಳಿದು ಚೂರು ಮಾಡಿದ. ಅದಕ್ಕೂ ಸಮಾಧಾನವಾಗಲಿಲ್ಲ. ಕೆಂಡದಿಂದ ದಬ್ಬಳವನ್ನು ಮರದ ಹಿಡಿ ಹಿಡಿದು ಎಳೆದ.

"ಗೀಚೋ ಕೈ ಇದ್ರೆ ತಾನೆ? ತತ್ತಾ ಇಲ್ಲಿ!"

ನನ್ನ ಬಲಗೈಯನ್ನು ನೆಲಕ್ಕೆ ಒತ್ತಿ, ಮೇಲೆ ಮಂಡಿಯೂರಿದ. ನಾನು ಕಿರುಚಿದೆ. ಕೊಟ್ಟಿಗೆಯಿಂದ ಓಡಿಬಂದ ಅಮ್ಮ ಆ ಕಾದ ಕಬ್ಬಿಣವನ್ನು ಬರಿಗೈಯಲ್ಲಿ ಹಿಡಿದುಬಿಟ್ಟಳು. ಚರ್ಮ ಚುರ್ರೆಂದಿತು. ಬಿಡಲಿಲ್ಲ.

"ಬಿಡೇ! ಬಿಡೇ, ನಿಂಗೇನ್ ಹುಚ್ಚಾ?" ಎಂದು ಕೂಗಿದವನು ಅಪ್ಪನೇ. ಕೊನೆಗೆ ಹಿಡಿ ಬಿಟ್ಟವನೂ ಅವನೇ.

ಮಧ್ಯಾಹ್ನ ಅಪ್ಪ ಎಂದಿನಂತೆ ತಟ್ಟೆಯ ಮುಂದೆ ಕೂತ. ಅಮ್ಮ ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲೇ ಮುದ್ದೆ ಕಟ್ಟಿದಳು. ಸೊಟ್ಟಗಿತ್ತು. ತಟ್ಟೆಗೆ ಹಾಕಿ, ಸಾರು ಬಿಡದೆ ಅವನೆದುರೇ ನಿಂತಳು.

"ನಮ್ಮೂರಾಗೆ ಹೆಂಗಸ್ರು ಏಟು ತಿಂದು ಬಾವೀಗ್ ಬೀಳ್ತಾರೆ. ನಾನ್ ಬೀಳಾಕಿಲ್ಲ. ಇನ್ನೊಂದ್ಕಿತ ನನ್ ಮಗಳನ್ನ ಮುಟ್ಟು, ನಿನ್ನ ತಳ್ತೀನಿ."

ಅಪ್ಪ ತಲೆಯೆತ್ತಲಿಲ್ಲ. ಸಾರಿಲ್ಲದ ಮುದ್ದೆಯನ್ನು ಮುರಿದು ನುಂಗಿದ. ನನಗೆ ಅಯ್ಯೋ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.