ಪರೀಕ್ಷೆ ಮುಗಿಯುವ ತನಕ ಕೊನೆಯ ಮೂರು ಆಟ

ಬೈಲಹೊಂಗಲದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಗಂಡ ಮಷೀನು ನೋಡಿಕೊಳ್ಳುತ್ತಿದ್ದರು, ಮಂದಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಗಿರಣಿಯ ಸದ್ದಿನಲ್ಲಿ ಹತ್ತು ವರ್ಷ ಕೂಗಿ ಕೂಗಿ ನನಗೆ ಮೆಲ್ಲಗೆ ಮಾತಾಡುವ ರೂಢಿಯೇ ತಪ್ಪಿಹೋಗಿತ್ತು. ಸಿಟ್ಟು ಮಾತ್ರ ಗಿರಣಿಯಿಂದ ಬಂದದ್ದಲ್ಲ, ಅದು ತವರಿನಿಂದಲೇ ತಂದದ್ದು.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ನಾಟಕ ಕಂಪನಿ ಊರಿಗೆ ಬಂದು ತಗಡಿನ ಥಿಯೇಟರ್ ಹಾಕಿತು. ಅವರ ಪ್ರಚಾರದ ಆಟೋ ದಿನಾ ಬೆಳಿಗ್ಗೆ ನಮ್ಮ ಗಿರಣಿಯ ಮುಂದೆಯೇ ತಿರುವು ತಗೊಳ್ಳುತ್ತಿತ್ತು. ಕರೆಂಟ್ ಇಲ್ಲದ ಹೊತ್ತಾಗಿದ್ದರೆ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. “ಕಲಾಭಿಮಾನಿಗಳೇ! ಇಂದು ಸಂಜೆ ಆರೂ ಕಾಲಿಗೆ, ಹೊಟ್ಟೆ ಹುಣ್ಣಾಗುವಂತೆ ನಗಿಸುವ ಹಾಸ್ಯ ನಾಟಕ! ಶನಿವಾರದಿಂದ ಇಂಪಾದ ಹಾಡುಗಳ ಸಂಗೀತ ನಾಟಕ! ಬರುವ ವಾರ ಕಣ್ಣೀರಿನ ಕೌಟುಂಬಿಕ ಕಥೆ, ತಾಯಂದಿರೇ, ಕರವಸ್ತ್ರ ಮರೆಯಬೇಡಿ!”

ನನಗೆ ನಾಟಕದ ಹುಚ್ಚೇನೂ ಇರಲಿಲ್ಲ. ಹೆಸರು ಯಾವುದೇ ಇರಲಿ, ಒಬ್ಬ ಸಾಹುಕಾರ, ಒಬ್ಬ ಕುಡುಕ, ಒಬ್ಬಳು ಘಟವಾಣಿ ಅತ್ತೆ ಇದ್ದೇ ಇರುತ್ತಿದ್ದರು. ಅವರನ್ನು ನೋಡಲು ಟಿಕೀಟು ಯಾಕೆ, ಗಿರಣಿಯ ಪಾಳಿಯಲ್ಲೇ ಮೂವರೂ ನಿಂತಿರುತ್ತಿದ್ದರಲ್ಲ! ಅದಕ್ಕಿಂತ ನನಗೆ ಸಿಟ್ಟು ತರಿಸುತ್ತಿದ್ದದ್ದು ಅವರ ಇನ್ನೊಂದು ಪದ್ಧತಿ. ಸಂಕ್ರಾಂತಿ ಆದದ್ದೇ ತಡ, “ಕೊನೆಯ ಮೂರು ಆಟಗಳು! ಮೂರೇ ಮೂರು!” ಎಂದು ಕೂಗತೊಡಗಿದರು. ನಾಲ್ಕನೆಯ ದಿನ ಅದೇ ಆಟೋ, ಅದೇ ದನಿ: “ಕಲಾಭಿಮಾನಿಗಳ ಒತ್ತಾಯದ ಮೇರೆಗೆ ಮತ್ತೊಂದು ವಾರ!” ಒಮ್ಮೆ ಆಟೋ ಅಡ್ಡಗಟ್ಟಿ ಕೇಳಿಯೇಬಿಟ್ಟೆ, “ಯಾರಪ್ಪಾ ನಿಮಗ ಒತ್ತಾಯ ಮಾಡಿದವರು? ಒಬ್ಬರ ಹೆಸರ ಹೇಳು ನೋಡೋಣು.” ಆತ ಮೈಕ್ ಕೆಳಗಿಟ್ಟು ನಕ್ಕ. “ನೀವ ಮಾಡ್ರಲಾ ಅಕ್ಕಾರ, ಬರಕೋತೇನಿ,” ಅಂದ.

ಆ ಕಂಪನಿಯ ಹಾಸ್ಯನಟಿ ನಮ್ಮ ಗಿರಣಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು. ಜೊತೆಗೆ ಅವಳ ಒಬ್ಬಳೇ ಮಗಳು. ರಂಗದ ಮೇಲೆ ಊರನ್ನೆಲ್ಲ ನಗಿಸುವ ಈ ಹೆಂಗಸು ಮನೆಯಲ್ಲಿ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಹಗಲೆಲ್ಲ ಅವಳಿಗೆ ಒಂದೇ ಧ್ಯಾನ, ಮಗಳ ಹತ್ತನೇ ಇಯತ್ತೆ. ಹುಡುಗಿ ಅಲ್ಲಿಯವರೆಗೆ ಓದಿದ ಸಾಲಿಗಳ ಲೆಕ್ಕ ಅವಳಿಗೇ ನೆನಪಿರಲಿಲ್ಲ. ಕಂಪನಿ ಹೋದಲ್ಲಿ ಸಾಲಿ. ಈ ವರ್ಷ ಮಾತ್ರ ತಾಯಿ ಹಟ ಹಿಡಿದಿದ್ದಳು. ಜೂನ್‌ನಲ್ಲಿ ಕಂಪನಿ ಕಿತ್ತೂರಿನಲ್ಲಿದ್ದಾಗಲೇ, ಮುಂದಿನ ಕ್ಯಾಂಪು ಬೈಲಹೊಂಗಲ ಎಂದು ಕೇಳಿಕೊಂಡು, ಮಗಳ ಹೆಸರನ್ನು ಇಲ್ಲಿಯ ಹೈಸ್ಕೂಲಿನಲ್ಲಿ ಹಚ್ಚಿದ್ದಳು. ಐದು ತಿಂಗಳು ಆ ಕೂಸು ಕಿತ್ತೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿತ್ತು.

“ನನ್ನ ಮಗಳು ಬಣ್ಣಾ ಹಚ್ಚಬಾರದ್ರಿ ಅಕ್ಕಾರ,” ಎನ್ನುತ್ತಿದ್ದಳು. “ಹತ್ತನೇತ್ತಾ ಪಾಸಾದ್ಲಂದ್ರ ನರ್ಸೋ, ಟೀಚರೋ, ಏನರ ಆಗ್ತಾಳ. ನಪಾಸಾದ್ಲಂದ್ರ ಬರೂ ವರ್ಷ ನಾಯಕಿ ಪಾತ್ರಕ್ಕ ನಿಂದರಸ್ತಾರ. ಈಗಾಗಲೇ ಕೇಳಾಕತ್ತಾರ.” ಚೆಲುವೆ ಇದ್ದಳು ಹುಡುಗಿ. ಅದೇ ತಾಯಿಯ ಹೆದರಿಕೆ.

ಫೆಬ್ರುವರಿ ಮುಗಿಯುವ ಹೊತ್ತಿಗೆ ಆಟೋದವನ ಕೂಗಿನಲ್ಲಿ ಹಿಂದಿನ ಹುರುಪು ಕಾಣಲಿಲ್ಲ. ಸುಗ್ಗಿ ಮುಗಿದು ಹೊಲದವರ ಬರವು ನಿಂತಿತ್ತು, ಊರಿನವರೆಲ್ಲ ಒಂದೊಂದು ಸಲ ನೋಡಿ ಆಗಿತ್ತು. ಒಂದು ಬೆಳಿಗ್ಗೆ “ಕೊನೆಯ ಮೂರು ಆಟಗಳು” ಎಂಬುದು ಕೇಳಿದಾಗ ಹಾಸ್ಯನಟಿ ಬಾಗಿಲಲ್ಲಿ ಮಾರಿ ಬಾಡಿಸಿಕೊಂಡು ನಿಂತಿದ್ದಳು. “ಈ ಸಲ ಖರೇನ ಐತ್ರಿ. ಮಾಲಕರು ರಾಮದುರ್ಗದಾಗ ಜಾಗಾ ಹಿಡದಾರ,” ಅಂದಳು. ಪರೀಕ್ಷೆ ಮುಗಿಯಲು ಇನ್ನೂ ತಿಂಗಳ ಮೇಲಿತ್ತು.

“ಅದಕ್ಯಾಕ ಇಷ್ಟ ಚಿಂತಿ? ಹುಡುಗಿ ನಮ್ಮ ಮನ್ಯಾಗ ಇರಲಿ,” ಎಂದೆ.

ಅವಳು ಒಲ್ಲೆ ಎಂದಳು. ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲೇನು ಹುಲಿ ಕಟ್ಟಿದ್ದೇವೆಯೇ ಎಂದು ಕೇಳಿದೆ. ಆಗ ಹೇಳಿದಳು. ಮಗಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ಸವದತ್ತಿಯ ಸಂಬಂಧಿಕರ ಮನೆಯಲ್ಲಿ ಓದಲು ಬಿಟ್ಟಿದ್ದಳಂತೆ. ಕೆಟ್ಟ ಮಂದಿಯೇನಲ್ಲ, ಉಣ್ಣಲು ಉಡಲು ಕೊರತೆ ಮಾಡಿರಲಿಲ್ಲ. ಆದರೆ ನಾಟಕದವಳ ಮಗಳೆಂದರೆ ಓಣಿಯವರು ಏನಂದಾರು ಎಂದು, ತಾಯಿ ನೋಡಲು ಬಂದಾಗ ಹುಡುಗಿಯ ಬಾಯಲ್ಲಿ ‘ಅವ್ವಾ’ ಎನ್ನಿಸದೆ ‘ಕಾಕೂ’, ಅಂದರೆ ಚಿಕ್ಕಮ್ಮ, ಎಂದು ಕರೆಸಿದ್ದರು.

“ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಮಂದಿ ಮುಂದ ನನಗ ‘ಬರ್ರಿ ಕಾಕೂ’ ಅಂದ್ಲರಿ. ಅವತ್ತ ಆಣಿ ಮಾಡೇನಿ, ಇನ್ನ ಯಾರ ಮನ್ಯಾಗೂ ಬಿಡೂದುಲ್ಲ ಅಂತ.”

ನಾನು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಥಿಯೇಟರಿಗೆ ನಡೆದೆ. ಮಾಲಕರು ಖುರ್ಚಿಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದರು. “ಇಷ್ಟ ದಿನಾ ಸುಳ್ಳ ಸುಳ್ಳ ಕೊನೇ ಮೂರು ಆಟ ಅಂದ್ರಿ. ಈಗ ಹುಡುಗಿ ಪರೀಕ್ಷಾ ಮುಗಿಯೂತನಕ ಇನ್ನೊಂದ ನಾಕ ಸಲ ಅನ್ರಿ, ಏನ್ ಗಂಟ ಹೋಗತೈತಿ ನಿಮ್ಮದು?” ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. “ನನಗೂ ಮನಸ್ಸೈತ್ರಿ ಅಕ್ಕಾರ. ಆದ್ರ ಖಾಲಿ ಖುರ್ಚಿಗೋಳನ್ನ ನಗಸೂದ್ ಹ್ಯಾಂಗ? ಮಂದೀನ ಕರಕೊಂಡ ಬರ್ರಿ, ನಾ ಇರತೇನಿ,” ಎಂದರು.

ಕರೆದುಕೊಂಡು ಬರ್ರಿ ಅಂದರಲ್ಲ, ಆಯಿತು! ಅವತ್ತೇ ಗಿರಣಿಯಲ್ಲಿ ಹೊಸ ಕಾಯ್ದೆ ಜಾರಿಯಾಯಿತು. ನಾಟಕಕ್ಕೆ ಹೋಗಿಬಂದವರ ಡಬ್ಬಿ ಮೊದಲು, ಹೋಗದವರದು ಕಟ್ಟಕಡೆಗೆ. ಗಂಡ ತಲೆ ಚಚ್ಚಿಕೊಂಡರು. “ಇದು ಗಿರಣಿ ಐತೋ, ಕಚೇರಿ ಐತೋ?” ಅಂದರು. “ನಿಮ್ಮದೂ ಪಾಳಿ ಐತಿ, ಸಂಜೀಕ ಹೋಗಿ ಬರ್ರಿ,” ಅಂದೆ.

ಎರಡು ದಿನ ಹೆಂಗಸರು ಗೊಣಗಿದರು. ಜೋಳದ ಹಿಟ್ಟು ಮಧ್ಯಾಹ್ನದ ರೊಟ್ಟಿಗೆ ಸಿಗದೆ ಹೋದಾಗ ಮೂರನೆಯ ದಿನ ಸಂಜೆ ಥಿಯೇಟರಿನ ಹೆಂಗಸರ ಭಾಗ ಅರ್ಧ ತುಂಬಿತು. ಹುಡುಗಿಯ ಪರೀಕ್ಷೆಯ ವಿಷಯ ಕಿವಿಯಿಂದ ಕಿವಿಗೆ ದಾಟಿದ ಮೇಲೆ ಗೊಣಗುವುದೂ ನಿಂತಿತು. ನಮ್ಮ ಓಣಿಯ ಲಾರಿ ಡ್ರೈವರನ ಹೆಂಡತಿ, ನಾವೆಲ್ಲ ಭಾಬಿ ಎನ್ನುತ್ತಿದ್ದವಳು, ತನ್ನ ನಾದಿನಿಯರು, ಅತ್ತೆ, ಅತ್ತೆಯ ತಂಗಿ ಎಲ್ಲರನ್ನೂ ಸಂಪಗಾಂವದಿಂದ ಕರೆಸಿ ಒಂದು ಸಾಲನ್ನೇ ತುಂಬಿಸಿದಳು.

ಕಳ್ಳಾಟ ಆಡುವವರೂ ಇದ್ದರು, ಬಿಡಿ. ಅದಕ್ಕೆ ನಾನು ಪ್ರಶ್ನೆ ಕೇಳತೊಡಗಿದೆ. ಒಬ್ಬಾಕೆ ಡಬ್ಬಿ ಇಟ್ಟು ಹಾಡಾಹಗಲೇ ಸುಳ್ಳು ಹೇಳಿದಳು, ಸಂಗೀತ ನಾಟಕ ಭಾಳ ಛಲೋ ಇತ್ತಂತೆ. “ಹೌದ? ಹಂಗಾರ ಸಾಹುಕಾರನ ಕಪಾಳಕ್ಕ ಹೊಡದಾಕಿ ಯಾರು, ಹೇಳು,” ಎಂದೆ. “ಅವನ ಹೇಂತಿ,” ಅಂದಳು ಆಕೆ. ಉತ್ತರ ಸರಿಯಾಗಿತ್ತು! “ನೋಡದನ ಹ್ಯಾಂಗ ಗೊತ್ತಾತು?” ಎಂದರೆ, “ಎಲ್ಲಾ ನಾಟಕದಾಗೂ ಆಕೀನ ಹೊಡೀತಾಳಲ್ಲವಾ,” ಎಂದು ನಕ್ಕಳು. ಅವಳ ಹಿಟ್ಟನ್ನೇ ಮೊದಲು ಬೀಸಿಕೊಟ್ಟೆ. ಸಂಜೆ ಅವಳೂ ನಾಟಕಕ್ಕೆ ಬಂದಿದ್ದಳು.

ಆ ಮೂರು ಆಟ ಮುಗಿದ ಮರುದಿನ ಬೆಳಿಗ್ಗೆ ಆಟೋ ಬಂದಾಗ ನಾನೇ ಮಷೀನು ನಿಲ್ಲಿಸಿದೆ. “ಕಲಾಭಿಮಾನಿಗಳ ಒತ್ತಾಯದ ಮೇರೆಗೆ ಮತ್ತೊಂದು ವಾರ!” ಮೈಕಿನವನು ನನ್ನ ಕಡೆ ನೋಡಿ ಕೈಮುಗಿದ. ಎಂಥ ಸಂತೋಷವಾಯಿತೆಂದು ಹೇಳಲಿ! ಹಿಂದಿನ ಖೋಲಿಯಿಂದ ಹುಡುಗಿ ಗಣಿತದ ಪುಸ್ತಕ ಹಿಡಿದುಕೊಂಡೇ ಓಡಿಬಂದಳು. “ದೊಡ್ಡವ್ವಾ, ಇನ್ನ ಎಷ್ಟ ವಾರ ಆಗ್ತೈತಿ?” ಎಂದು ಕೇಳಿದಳು. “ನೀ ಓದು, ವಾರಾ ನಾ ನೋಡಕೋತೇನಿ,” ಎಂದು ಗದರಿಸಿ ಕಳಿಸಿದೆ.

ಹೀಗೆ ಹಾಸ್ಯ ನಾಟಕ ಎರಡನೇ ಸಲ ಬಂತು, ಸಂಗೀತ ನಾಟಕ ಮೂರನೇ ಸಲ ಬಂತು, ಕೌಟುಂಬಿಕ ಕಥೆಗೆ ನಮ್ಮ ಓಣಿಯವರು ಎಲ್ಲಿ ಅಳಬೇಕೆಂದು ಮೊದಲೇ ಗೊತ್ತಿದ್ದರಿಂದ ನಟಿ ಬಾಯಿ ತೆರೆಯುವ ಮೊದಲೇ ಅಳತೊಡಗಿದರು. ಪರೀಕ್ಷೆ ಶುರುವಾಯಿತು. ಆರರಲ್ಲಿ ನಾಲ್ಕು ಪೇಪರ್ ಮುಗಿದವು. ಗಣಿತದ ದಿನ ಹುಡುಗಿ ಅಳುತ್ತಲೇ ಮನೆಗೆ ಬಂದಿದ್ದಳು.

ಅಷ್ಟರಲ್ಲಿ ರಾಮದುರ್ಗದಿಂದ ಹೇಳಿಕಳಿಸಿದರು. ಈ ವಾರ ಬರದಿದ್ದರೆ ಆ ಜಾಗ ಬೇರೆಯವರಿಗೆ. ಮಾಲಕರು ತಾವೇ ಗಿರಣಿಗೆ ಬಂದು, ಹಿಟ್ಟಿನ ಧೂಳಿನಲ್ಲಿ ನಿಂತು, “ನನ್ನ ಕೈಲಾದಷ್ಟು ಮಾಡಿದೆ ಅಕ್ಕಾರ,” ಎಂದರು. ತಗಡು ಬಿಚ್ಚಿದರು. ಲಾರಿ ತುಂಬಿತು. ಇನ್ನೂ ಎರಡು ಪೇಪರ್ ಉಳಿದಿದ್ದವು, ನಾಲ್ಕು ದಿನದ ಮಾತು. ಹಾಸ್ಯನಟಿಯಿಲ್ಲದೆ ರಾಮದುರ್ಗದಲ್ಲಿ ಪರದೆ ಏಳುವಂತಿರಲಿಲ್ಲ.

ಅವಳು ಬೆಳಗಿನಿಂದ ಖೋಲಿಯ ಬಾಗಿಲಲ್ಲೇ ಕೂತಿದ್ದಳು. ಆಮೇಲೆ ಎದ್ದು ಬಂದು ಮಗಳ ಬಟ್ಟೆಯ ಗಂಟನ್ನು ನಮ್ಮ ಪಡಸಾಲೆಯಲ್ಲಿ ಇಟ್ಟಳು. ನಾನು ಅದನ್ನೆತ್ತಿ ಒಳಗೆ ನನ್ನ ಸೀರೆಗಳ ಪಕ್ಕ ಇಟ್ಟೆ.

ಆ ನಾಲ್ಕು ದಿನ ಬಂದವರೆಲ್ಲ “ಯಾರವಾ ಈ ಹುಡುಗಿ?” ಎಂದು ಕೇಳಿದರು. “ಕಂಪನಿಯೊಳಗ ಹಾಸ್ಯ ಮಾಡ್ತಾಳಲ್ಲ, ಆಕೀ ಮಗಳು,” ಎಂದು ನಾನು ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳಿದೆ. ಕೇಳದವರಿಗೂ ಹೇಳಿದೆ. ಕೊನೆಯ ಪೇಪರ್ ಮುಗಿದ ಸಂಜೆ ಗಂಡ ಅವಳನ್ನು ರಾಮದುರ್ಗಕ್ಕೆ ಮುಟ್ಟಿಸಿ ಬಂದರು.

ಮೇ ತಿಂಗಳಲ್ಲಿ ರಿಸಲ್ಟ್ ಹಚ್ಚಿದರೆಂದು ಕೇಳಿದ್ದೇ ಹೈಸ್ಕೂಲಿಗೆ ಓಡಿದೆ. ಗೋಡೆಯ ಮೇಲಿನ ನಂಬರುಗಳನ್ನು ಬೆರಳಿಟ್ಟು ಮೂರು ಸಲ ನೋಡಿದೆ. ಪಕ್ಕದಲ್ಲಿದ್ದ ಮಾಸ್ತರನ್ನೂ ಹಿಡಿದು ನೋಡಿಸಿದೆ. ಆಮೇಲೆ ಮನೆಗೂ ಹೋಗಲಿಲ್ಲ. ಸವದತ್ತಿ ಬಸ್ಸು ಹತ್ತಿದೆ, ಅಲ್ಲಿ ಇನ್ನೊಂದು ಬಸ್ಸು ಹಿಡಿದೆ. ರಾಮದುರ್ಗ ಮುಟ್ಟುವಷ್ಟರಲ್ಲಿ ಸಂಜೆಯ ಆಟ ಶುರುವಾಗಿಬಿಟ್ಟಿತ್ತು. ಗೇಟಿನವನು ಹೊಸಬ. ಇಂಟರ್ವಲ್ ತನಕ ಕಲಾವಿದರನ್ನು ಭೆಟ್ಟಿಯಾಗಲು ಬಿಡುವುದಿಲ್ಲ ಎಂದ. ಟಿಕೀಟು ತೆಗೆದು ಹೆಂಗಸರ ಸಾಲಿನಲ್ಲಿ, ತೀರ ಮುಂದೆ ಹೋಗಿ ಕೂತೆ. ಇಂಟರ್ವಲ್ ತನಕ ಸುಮ್ಮನಿರಬೇಕೆಂದೇ ನಿಶ್ಚಯಿಸಿದ್ದೆ.

ರಂಗದ ಮೇಲೆ ಅವಳು ಪೊರಕೆ ಹಿಡಿದು ನಾಟಕದ ಗಂಡನನ್ನು ಬೈಯುತ್ತಿದ್ದಳು. ಥಿಯೇಟರ್ ನಗುವಿನಿಂದ ತುಂಬಿತ್ತು. ನಡುವೆ ತಿರುಗಿದವಳು ನನ್ನನ್ನು ಕಂಡಳು. ಕಂಡವಳೇ ಮಾತು ನಿಲ್ಲಿಸಿ ರಂಗದ ಅಂಚಿಗೆ ಬಂದಳು. ಹಾಸ್ಯದವರು ಬರೆಯದ ಮಾತು ಆಡಿದರೂ, ಕೂತವರನ್ನು ಮಾತಾಡಿಸಿದರೂ ಯಾರೂ ಏನೂ ಅನ್ನುವುದಿಲ್ಲ.

“ಏನ್ ಅಕ್ಕಾರ, ಇಷ್ಟ ದೂರ ಬಂದೀರಿ? ಏನ್ ಸುದ್ದಿ ತಂದೀರಿ?” ಅಂದಳು. ದನಿ ಇನ್ನೂ ನಾಟಕದ್ದೇ.

ನನ್ನ ನಿಶ್ಚಯ ಎಲ್ಲಿ ಹೋಯಿತೋ. ಎದ್ದು ನಿಂತು ಕೂಗಿದೆ, “ಪಾಸ್!”

“ಯಾರ ಪಾಸು?” ಎಂದ ನಾಟಕದ ಗಂಡ.

“ನಿನಗ್ಯಾಕ? ನೀ ಸುಮ್ನಿರು!” ಎಂದೆ. ಥಿಯೇಟರ್ ಗೊಳ್ಳೆಂದಿತು.

“ಗಣಿತದಾಗ?” ಎಂದಳು ಅವಳು. ಈಗ ದನಿ ನಾಟಕದ್ದಾಗಿರಲಿಲ್ಲ.

“ಎಲ್ಲಾದರಾಗೂ! ಸೆಕೆಂಡ್ ಕ್ಲಾಸ್!”

ಅವಳು ಪೊರಕೆ ಬಿಟ್ಟು ಅಲ್ಲೇ ಹಲಗೆಯ ಮೇಲೆ ಕುಸಿದು ಕೂತಳು. ಜನ ಚಪ್ಪಾಳೆ ತಟ್ಟಿ ನಕ್ಕರು. ಅವಳು ಕೈಮುಗಿದಳು. “ನಗಬ್ಯಾಡ್ರಿ, ಇದು ಆಟ ಅಲ್ರಿ. ಖರೇನ ನನ್ನ ಮಗಳು ಪಾಸಾಗ್ಯಾಳ್ರಿ,” ಎಂದಳು. ಅವರು ಇನ್ನೂ ಜೋರಾಗಿ ನಕ್ಕರು. ಕಣ್ಣೀರು ಒರೆಸಿಕೊಂಡರೆ ಅದಕ್ಕೂ ನಕ್ಕರು. ಇಷ್ಟು ವರ್ಷ ಮಂದಿಯನ್ನು ನಗಿಸಿದ ಹೆಂಗಸು ಅಂದು ಅಳುತ್ತಿದ್ದಾಳೆ ಎಂದು ಒಬ್ಬರೂ ನಂಬಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. “ಏ, ಸುಮ್ಮನ ಕುಂದರ್ರಿ, ಆಕಿ ಅಳಾಕತ್ತಾಳ!” ಎಂದು ಹಿಂದೆ ತಿರುಗಿ ಬೈದೆ. ನನಗೂ ನಕ್ಕರು.

ಆಗ ಒಳಗಿನಿಂದ ಹುಡುಗಿ ಬಂದಳು. ಬಣ್ಣವಿಲ್ಲ, ಬರಿಗಾಲು, ಒಂದು ಜಡೆ ಹೆಣೆದಿದೆ, ಇನ್ನೊಂದು ಬಿಚ್ಚಿಯೇ ಇದೆ. ತಾಯಿಯ ಪಕ್ಕ ನಿಂತು, ಅವಳ ಭುಜದ ಮೇಲೆ ಕೈಯಿಟ್ಟು, ಮಂದಿಯ ಕಡೆ ನೋಡಿ ಹೇಳಿದಳು.

“ಇಕಿ ನಮ್ಮವ್ವರಿ. ನಮ್ಮವ್ವ ಖರೇನ ಹೇಳಾಕತ್ತಾಳ.”

ನಗು ನಿಂತಿತು. ಗಂಡಸರ ಕಡೆಯ ಖುರ್ಚಿಯಿಂದ ಯಾರೋ ಒಬ್ಬರು ಮೆಲ್ಲಗೆ ಚಪ್ಪಾಳೆ ಶುರುಮಾಡಿದರು. ಆಮೇಲೆ ತಗಡಿನ ಆ ಥಿಯೇಟರ್ ಇಡಿಯಾಗಿ ಸದ್ದಾಯಿತು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು, ಬಣ್ಣವೆಲ್ಲ ಕಲಸಿಹೋಯಿತು. “ನಡಿ ಒಳಗ, ಇಲ್ಲೇನೈತಿ ನಿನ್ನ ಕೆಲಸ,” ಎಂದು ಮಗಳನ್ನು ಗದರಿಸಿದಳು. ಆದರೆ ಹಿಡಿದ ಕೈಯನ್ನು ಬಿಡಲು ತುಸು ಹೊತ್ತು ಹಿಡಿಯಿತು. ಮತ್ತೆ ಪೊರಕೆ ಎತ್ತಿಕೊಂಡು ನಾಟಕದ ಗಂಡನ ಕಡೆ ತಿರುಗಿ, “ಎಲ್ಲಿಗೆ ನಿಂತಿತ್ತು ನಮ್ಮ ಜಗಳಾ?” ಎಂದಳು.

ಆಟ ಮುಂದೆ ಸಾಗಿತು. ನಾನೊಬ್ಬಳೇ ನಿಂತುಕೊಂಡು ಅಳುತ್ತಿದ್ದೆ. ಹಿಂದಿನ ಸಾಲಿನವರು “ಕುಂದರ್ರಿ ಅಕ್ಕಾರ, ನಮಗ ಕಾಣಸೂದುಲ್ಲ,” ಎಂದು ಎಷ್ಟು ಸಲ ಹೇಳಿದರೋ ಗೊತ್ತಿಲ್ಲ.